ಒಂದೇ ವರದಿ, ಎರಡು ನಿರುದ್ಯೋಗ ದರ: ಯಾವುದನ್ನು ನಂಬಬೇಕು?

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನಾ ರಾಜಕೀಯದ ಜಗಳ. ದೇಶದ ನಿರುದ್ಯೋಗ ಶೇ 3.2 ಅಂತ ನನ್ನ ಭಾವ ಒಂದು ಚಿತ್ರ ಹಾಕುತ್ತಾರೆ. ಶೇ 10.2 ಅಂತ ತಮ್ಮ ಇನ್ನೊಂದು ಹಾಕುತ್ತಾನೆ. ‘ಸರ್ಕಾರದ್ದೇ ವರದಿ, ಬೇಕಾದರೆ ನೋಡಿ’ ಅಂತ ಇಬ್ಬರೂ ಹೇಳುತ್ತಾರೆ. ಶಕ್ತಿ ಯೋಜನೆಯಲ್ಲಿ 500 ಕೋಟಿ ಮಹಿಳೆಯರು ಓಡಾಡಿದ್ದಾರೆ ಅಂತ ಒಬ್ಬರು ಬರೆದರೆ, ದೇಶದಲ್ಲೇ ಅಷ್ಟು ಜನ ಇಲ್ಲವಲ್ಲ ಅಂತ ಮತ್ತೊಬ್ಬರು ನಗುತ್ತಾರೆ. 2024ರ ಎಕ್ಸಿಟ್ ಪೋಲ್‌ಗಳು ಏನಾದವು ಅಂತ ಎಲ್ಲರೂ ನೋಡಿದ್ದೇವೆ. ಇಷ್ಟು ವರ್ಷದಲ್ಲಿ ನಮ್ಮ ಬೀದಿಯ ಒಬ್ಬರನ್ನೂ ಯಾವ ಸಮೀಕ್ಷೆಯವರೂ ಮಾತಾಡಿಸಿಲ್ಲ. ಹಾಗಾದರೆ ಇವೆಲ್ಲ ಕಚೇರಿಯಲ್ಲಿ ಕೂತು ಬರೆದ ಅಂಕಿಗಳಾ? ದುಡ್ಡು ಕೊಟ್ಟವರಿಗೆ ಬೇಕಾದ ಹಾಗೆ ಸಮೀಕ್ಷೆ ಮಾಡಿಕೊಡುತ್ತಾರೆ ಅನ್ನುವುದು ನಿಜವಾ? ಪತ್ರಕರ್ತರು ಇವನ್ನು ಪರೀಕ್ಷೆ ಮಾಡುತ್ತೀರೋ, ಬಂದದ್ದನ್ನು ಬಂದ ಹಾಗೇ ಹಾಕುತ್ತೀರೋ? ನನ್ನ ವಿದ್ಯಾರ್ಥಿಗಳೂ ಇದನ್ನೇ ಕೇಳುತ್ತಾರೆ.

ಉತ್ತರ: ಮೊದಲು ನಿಮ್ಮ ಮನೆಯ ಜಗಳವನ್ನೇ ಬಿಡಿಸೋಣ. ನಿಮ್ಮ ಭಾವ ಹೇಳಿದ್ದು ನಿಜ. ನಿಮ್ಮ ತಮ್ಮ ಹೇಳಿದ್ದೂ ನಿಜ. ಎರಡೂ ಅಂಕಿ ಒಂದೇ ವರದಿಯಲ್ಲಿವೆ. ಕೇಂದ್ರದ ಅಂಕಿಅಂಶ ಸಚಿವಾಲಯ ನಡೆಸುವ ಕಾರ್ಮಿಕ ಪಡೆ ಸಮೀಕ್ಷೆ, ಅಂದರೆ ಪಿಎಲ್‌ಎಫ್‌ಎಸ್‌ನ 2023-24ರ ವರದಿ ಅದು. 15 ವರ್ಷ ದಾಟಿದ ಎಲ್ಲರನ್ನೂ ಲೆಕ್ಕ ಹಾಕಿದರೆ ನಿರುದ್ಯೋಗ ಶೇ 3.2. 15ರಿಂದ 29 ವರ್ಷದವರನ್ನು ಮಾತ್ರ ತೆಗೆದುಕೊಂಡರೆ ಶೇ 10.2. ಚಿತ್ರ ಮಾಡಿದವರು ಅಂಕಿಯನ್ನು ಉಳಿಸಿಕೊಂಡು ವಯಸ್ಸನ್ನು ಕತ್ತರಿಸಿ ಹಾಕಿದ್ದಾರೆ, ಅಷ್ಟೇ.

ಪತ್ರಿಕೆಯ ಡೆಸ್ಕ್‌ನಲ್ಲಿ ಅಂಕಿಅಂಶದ ವರದಿಗಳನ್ನು ನೋಡುವುದು ನನ್ನ ಕೆಲಸ. ಅಲ್ಲಿ ಪದೇ ಪದೇ ಕಂಡದ್ದು ಇದೇ. ರಾಜಕೀಯದ ಚರ್ಚೆಯಲ್ಲಿ ಅಂಕಿಯೇ ಹಸಿ ಸುಳ್ಳಾಗಿರುವುದು ಕಡಿಮೆ. ಆ ಅಂಕಿಯ ಪಕ್ಕದಲ್ಲಿ ಬರೆದ ವಾಕ್ಯ ಸುಳ್ಳಾಗಿರುವುದು ಜಾಸ್ತಿ. ಹಾಗಾಗಿ ನಾವು ಪರೀಕ್ಷೆ ಮಾಡುವಾಗ ‘ಈ ಅಂಕಿ ಸರಿಯಾ’ ಅಂತ ಕೇಳುವುದಕ್ಕಿಂತ ಮೊದಲು ‘ಇದು ಯಾವ ಪ್ರಶ್ನೆಗೆ ಬಂದ ಉತ್ತರ’ ಅಂತ ಕೇಳುತ್ತೇವೆ. ಯಾರನ್ನು ಕೇಳಿದರು, ಏನಂತ ಕೇಳಿದರು, ಯಾವಾಗ ಕೇಳಿದರು, ಯಾವುದರಿಂದ ಭಾಗಿಸಿದರು. ಈ ನಾಲ್ಕು ಗೊತ್ತಾದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ನಿರುದ್ಯೋಗದ ಉದಾಹರಣೆಯನ್ನೇ ಇನ್ನೂ ಸ್ವಲ್ಪ ಹತ್ತಿರದಿಂದ ನೋಡಿ. ಪಿಎಲ್‌ಎಫ್‌ಎಸ್ ಎರಡು ಬಗೆಯಲ್ಲಿ ಲೆಕ್ಕ ಹಾಕುತ್ತದೆ. ಒಂದು, ಕಳೆದ 365 ದಿನಗಳನ್ನು ನೋಡುವುದು. ಇದರಲ್ಲಿ ವರ್ಷದ ಹೆಚ್ಚು ದಿನ ಕೆಲಸ ಇಲ್ಲದಿದ್ದರೂ 30 ದಿನಕ್ಕೆ ಕಡಿಮೆಯಿಲ್ಲದೆ ಏನಾದರೂ ಕೆಲಸ ಮಾಡಿದ್ದರೆ ಉದ್ಯೋಗ ಇದೆ ಅಂತಲೇ ಲೆಕ್ಕ. ಇನ್ನೊಂದು, ಕಳೆದ ಏಳು ದಿನ ನೋಡುವುದು. ಆ ವಾರದಲ್ಲಿ ಒಂದು ದಿನ ಒಂದು ಗಂಟೆ ಕೆಲಸ ಮಾಡಿದ್ದರೂ ಉದ್ಯೋಗಿ. 2023-24ರಲ್ಲಿ ವರ್ಷದ ಲೆಕ್ಕಕ್ಕೆ ಶೇ 3.2 ಬಂದರೆ, ವಾರದ ಲೆಕ್ಕಕ್ಕೆ ಶೇ 4.9 ಬಂತು. ಮನೆಯ ಹೊಲದಲ್ಲೋ ಅಂಗಡಿಯಲ್ಲೋ ಸಂಬಳವಿಲ್ಲದೆ ದುಡಿಯುವವರೂ ಇಲ್ಲಿ ಉದ್ಯೋಗಿಗಳೇ. ಕೆಲಸ ಹುಡುಕದೆ, ಸಿಕ್ಕರೆ ಮಾಡಲು ಸಿದ್ಧ ಅಂತಲೂ ಹೇಳದೆ ಇರುವವರು ಮಾತ್ರ ನಿರುದ್ಯೋಗಿಗಳ ಲೆಕ್ಕಕ್ಕೆ ಬರುವುದೇ ಇಲ್ಲ. ಯಾಕೆಂದರೆ ಭಾಗಿಸುವುದು ಇಡೀ ಜನಸಂಖ್ಯೆಯಿಂದ ಅಲ್ಲ. ಕೆಲಸದಲ್ಲಿರುವವರು ಮತ್ತು ಕೆಲಸ ಹುಡುಕುವ ಅಥವಾ ಕೆಲಸಕ್ಕೆ ಸಿದ್ಧರಿರುವವರು, ಇವರಿಬ್ಬರ ಮೊತ್ತದಿಂದ.

ಇದು ಮೋಸ ಅಂತ ನಿಮಗೆ ಅನ್ನಿಸಬಹುದು. ಅಲ್ಲ. ಈ ವ್ಯಾಖ್ಯೆಗಳು ವರದಿಯಲ್ಲೇ ವಿವರವಾಗಿವೆ, ಇವಕ್ಕೆ ದಶಕಗಳ ಇತಿಹಾಸವೂ ಇದೆ. ಆದರೆ ‘ದೇಶದಲ್ಲಿ ನೂರಕ್ಕೆ ಮೂರೇ ಜನಕ್ಕೆ ಕೆಲಸ ಇಲ್ಲ’ ಅಂತ ಯಾರಾದರೂ ವೇದಿಕೆಯಲ್ಲಿ ಹೇಳಿದರೆ, ಆ ವಾಕ್ಯ ತಪ್ಪು. ‘ನೂರು ಯುವಕರಲ್ಲಿ ಹತ್ತು ಜನ ಮನೆಯಲ್ಲಿ ಕೂತಿದ್ದಾರೆ’ ಅಂದರೆ ಅದೂ ತಪ್ಪು. ಆ ವಯಸ್ಸಿನ ಎಷ್ಟೋ ಜನ ಓದುತ್ತಿರುತ್ತಾರೆ, ಅವರು ಈ ಲೆಕ್ಕದಲ್ಲೇ ಇಲ್ಲ.

ಇದೇ ವರದಿಯಿಂದ ಆಡಳಿತ ಪಕ್ಷ ಒಂದು ಕಥೆ ಹೇಳಬಹುದು, ವಿರೋಧ ಪಕ್ಷ ಇನ್ನೊಂದು ಹೇಳಬಹುದು. ದುಡಿಮೆಯಲ್ಲಿ ತೊಡಗಿದ ಅಥವಾ ಕೆಲಸ ಹುಡುಕುವ ಮಹಿಳೆಯರ ಪ್ರಮಾಣ 2017-18ರಲ್ಲಿ ಶೇ 23.3 ಇದ್ದದ್ದು 2023-24ಕ್ಕೆ ಶೇ 41.7 ಆಯಿತು. ದೊಡ್ಡ ಏರಿಕೆ. ಅದೇ ಅವಧಿಯಲ್ಲಿ ಕೆಲಸದಲ್ಲಿರುವ ಎಲ್ಲರ ಪೈಕಿ ಸ್ವಂತ ದುಡಿಮೆಯವರ ಪಾಲು ಶೇ 52.2ರಿಂದ ಶೇ 58.4ಕ್ಕೆ ಏರಿತು. ಈ ಸ್ವಂತ ದುಡಿಮೆಯ ಲೆಕ್ಕದಲ್ಲಿ ಸಂಬಳವಿಲ್ಲದೆ ಮನೆಯ ಕಸುಬಿಗೆ ಕೈಜೋಡಿಸುವವರೂ ಸೇರಿದ್ದಾರೆ. ಮೊದಲನೆಯದನ್ನು ಮಾತ್ರ ಹೇಳಿದರೆ ಖುಷಿಯ ಸುದ್ದಿ, ಎರಡನೆಯದನ್ನು ಮಾತ್ರ ಹೇಳಿದರೆ ಚಿಂತೆಯ ಸುದ್ದಿ. ಒಳ್ಳೆಯ ವರದಿಗಾರ ಎರಡನ್ನೂ ಒಂದೇ ಪ್ಯಾರಾದಲ್ಲಿ ಇಡಬೇಕು. ನನ್ನ ಮಟ್ಟಿಗೆ ಅದು ಇಷ್ಟಾನಿಷ್ಟದ ಮಾತಲ್ಲ, ಕೆಲಸದ ಭಾಗ.

ಇನ್ನೊಂದು ಹಳೆಯ ಆಟ ಇದೆ. 15 ವರ್ಷ ದಾಟಿದವರ ನಿರುದ್ಯೋಗ 2017-18ರಲ್ಲಿ ಶೇ 6 ಇತ್ತು, 2023-24ರಲ್ಲಿ ಶೇ 3.2. ಇದನ್ನು ‘ನಿರುದ್ಯೋಗ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು’ ಅಂತಲೂ ಬರೆಯಬಹುದು, ‘ಮೂರು ಅಂಶವೂ ಇಳಿದಿಲ್ಲ’ ಅಂತಲೂ ಬರೆಯಬಹುದು. ಇಳಿದದ್ದು 2.8 ಶೇಕಡಾವಾರು ಅಂಶ. ಮೊದಲಿದ್ದ ಆರಕ್ಕೆ ಹೋಲಿಸಿದರೆ ಅದು ಶೇ 47ರಷ್ಟು ಇಳಿಕೆ. ಎರಡೂ ಲೆಕ್ಕ ಸರಿ. ಹಾಗಾಗಿ ಎಷ್ಟರಿಂದ ಎಷ್ಟಕ್ಕೆ ಅಂತ ಎರಡೂ ತುದಿ ಬರೆಯದ ವರದಿ ನಮ್ಮ ಡೆಸ್ಕ್ ದಾಟಿ ಹೋಗುವುದಿಲ್ಲ.

ಈಗ ಶಕ್ತಿ ಯೋಜನೆಯ 500 ಕೋಟಿ. ಇಂಥ ದೊಡ್ಡ ಅಂಕಿ ಬಂದಾಗ ನಾವು ಮಾಡುವ ಮೊದಲ ಕೆಲಸ ಅದನ್ನು ಒಡೆಯುವುದು. ಯೋಜನೆ ಶುರುವಾದದ್ದು 2023ರ ಜೂನ್ 11ರಂದು. 500 ಕೋಟಿ ದಾಟಿದ್ದು 2025ರ ಜುಲೈ 14ರ ಹೊತ್ತಿಗೆ. ನಡುವೆ ಸುಮಾರು 764 ದಿನ. ಭಾಗಿಸಿದರೆ ದಿನಕ್ಕೆ 65 ಲಕ್ಷ ಆಗುತ್ತದೆ. 2011ರ ಜನಗಣತಿಯಲ್ಲೇ ರಾಜ್ಯದ ಹೆಣ್ಣುಮಕ್ಕಳ ಸಂಖ್ಯೆ ಮೂರು ಕೋಟಿ ದಾಟಿತ್ತು. ದಿನಕ್ಕೆ 65 ಲಕ್ಷ ಅಂದರೆ ಅಸಾಧ್ಯವೇನಲ್ಲ. ಆದರೆ ಇದು 65 ಲಕ್ಷ ಮಹಿಳೆಯರಲ್ಲ, 65 ಲಕ್ಷ ಟಿಕೆಟ್. ಕಂಡಕ್ಟರ್ ಹರಿದು ಕೊಡುವ ಪ್ರತಿ ಶೂನ್ಯ ದರದ ಟಿಕೆಟ್ ಒಂದು ಎಣಿಕೆ. ಕೆಲಸಕ್ಕೆ ಹೋಗಿ ಬರುವ ಹೆಂಗಸಿಗೆ ದಿನಕ್ಕೆ ಎರಡು ಟಿಕೆಟ್. ನಡುವೆ ಬಸ್ ಬದಲಿಸಿದರೆ ನಾಲ್ಕು. ‘500 ಕೋಟಿ ಪ್ರಯಾಣ’ ಅಂತ ಬರೆದರೆ ಸರಿ. ‘500 ಕೋಟಿ ಮಹಿಳೆಯರು’ ಅಂತ ಬರೆದ ಕೂಡಲೇ ತಪ್ಪು. ನಕ್ಕವರೂ ಪೂರ್ತಿ ಸರಿಯಲ್ಲ. ಅಂಕಿ ಸುಳ್ಳು ಅಂತ ಅವರು ತಳ್ಳಿಹಾಕಿದರು, ಸುಳ್ಳಾಗಿದ್ದದ್ದು ಅದರ ಪಕ್ಕದ ಒಂದು ಪದ.

ಇಷ್ಟಕ್ಕೆ ಬೇಕಾದದ್ದು ಮೊಬೈಲ್‌ನ ಕ್ಯಾಲ್ಕುಲೇಟರ್ ಒಂದೇ. ನಿಮ್ಮ ವಿದ್ಯಾರ್ಥಿಗಳಿಗೆ ಇದನ್ನು ಮೊದಲು ಹೇಳಿಕೊಡಿ. ಯಾವುದೇ ಕೋಟಿಯ ಅಂಕಿಯನ್ನು ದಿನಕ್ಕೆಷ್ಟು, ತಲೆಗೆಷ್ಟು ಅಂತ ಒಡೆದು ನೋಡಲಿ.

ಇನ್ನು ನಿಮ್ಮ ಬೀದಿಯ ಮಾತು. ‘ನನ್ನನ್ನು ಯಾರೂ ಕೇಳಿಲ್ಲ’ ಅನ್ನುವುದನ್ನು ಪ್ರತಿ ಸಭೆಯಲ್ಲೂ ಯಾರಾದರೊಬ್ಬರು ಎದ್ದು ನಿಂತು ಹೇಳುತ್ತಾರೆ. ಕೋಪ ಅರ್ಥವಾಗುತ್ತದೆ. ಆದರೆ ಲೆಕ್ಕ ನೋಡಿ. ಪಿಎಲ್‌ಎಫ್‌ಎಸ್‌ನಂಥ ದೊಡ್ಡ ಸಮೀಕ್ಷೆಯೇ 2023-24ರಲ್ಲಿ ಸುಮಾರು ಒಂದು ಲಕ್ಷ ಮನೆಗಳಿಗೆ ಹೋಗಿತ್ತು. 2011ರ ಜನಗಣತಿಯ ಪ್ರಕಾರವೇ ದೇಶದಲ್ಲಿ ಸುಮಾರು 25 ಕೋಟಿ ಕುಟುಂಬಗಳಿದ್ದವು. ಅಂದರೆ 2,500 ಮನೆಗೆ ಒಂದು. ನಿಮ್ಮ ಬೀದಿಗೆ ಯಾರೂ ಬರದೇ ಇರುವುದೇ ಸಹಜ. ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಅಂತೀವಲ್ಲ, ಹಾಗೆ. ಆದರೆ ಅಗುಳನ್ನು ಪಾತ್ರೆಯ ಎಲ್ಲಾ ಕಡೆಯಿಂದ ತೆಗೆಯಬೇಕು. ಮೇಲಿನದ್ದನ್ನೇ ನೋಡಿ ತಳ ಬೆಂದಿದೆ ಅಂದರೆ ಆಗದು.

ಎಷ್ಟು ಜನರನ್ನು ಕೇಳಿದರು ಅನ್ನುವುದಕ್ಕಿಂತ ಯಾರನ್ನು ಕೇಳಿದರು ಅನ್ನುವುದೇ ಮುಖ್ಯ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುಂಚೆ ಅಲ್ಲಿನ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮತಪತ್ರ ಕಳಿಸಿತ್ತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಪತ್ರಿಕೆ ಬರೆಯಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಪತ್ರಿಕೆ ವಿಳಾಸಗಳನ್ನು ಬಹುಪಾಲು ಟೆಲಿಫೋನ್ ಪಟ್ಟಿ, ಕಾರು ನೋಂದಣಿಯಂಥ ಕಡೆಯಿಂದ ತೆಗೆದುಕೊಂಡಿತ್ತು. ಆರ್ಥಿಕ ಕುಸಿತದ ಆ ಕಾಲದಲ್ಲಿ ಫೋನು, ಕಾರು ಇದ್ದವರು ಉಳ್ಳವರು. ಉತ್ತರ ಬರೆದು ಕಳಿಸುವ ಉತ್ಸಾಹ ಇದ್ದದ್ದೂ ಕೆಲವರಿಗೆ ಮಾತ್ರ. ಅದೇ ಚುನಾವಣೆಯಲ್ಲಿ ಜಾರ್ಜ್ ಗ್ಯಾಲಪ್ ಅನ್ನುವ ಸಮೀಕ್ಷಕ ಅದಕ್ಕಿಂತ ಎಷ್ಟೋ ಚಿಕ್ಕ ಸ್ಯಾಂಪಲ್, ಅಂದರೆ ಆರಿಸಿದ ಜನರ ಗುಂಪು, ಇಟ್ಟುಕೊಂಡು ಗೆಲ್ಲುವವರನ್ನು ಸರಿಯಾಗಿ ಹೇಳಿದರು. ಇಂದು ವಾಹಿನಿಯೊಂದು ‘ಆನ್‌ಲೈನ್‌ನಲ್ಲಿ ಐದು ಲಕ್ಷ ಜನ ಓಟು ಹಾಕಿದ್ದಾರೆ’ ಅಂತ ಹೇಳಿದಾಗ ನನಗೆ ನೆನಪಾಗುವುದು ಇದೇ. ತಾವಾಗಿ ಬಂದು ಓಟು ಹಾಕಿದವರ ಲೆಕ್ಕ ಸಮೀಕ್ಷೆ ಅಲ್ಲ. ಅದನ್ನು ಸುದ್ದಿಯಾಗಿ ಹಾಕಲೇಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸರಿಯಾಗಿ ಆರಿಸಿದ ಸ್ಯಾಂಪಲ್‌ಗೂ ಒಂದು ಮಿತಿ ಇದೆ. ಸಾವಿರ ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿ ಕೇಳಿದರೆ, ಬರುವ ಅಂಕಿ ಸುಮಾರು ಮೂರು ಅಂಶ ಆಚೀಚೆ ಆಗಬಹುದು. ಒಂದು ಪಕ್ಷಕ್ಕೆ ಶೇ 40, ಇನ್ನೊಂದಕ್ಕೆ ಶೇ 38 ಬಂದರೆ ಯಾರು ಮುಂದೆ ಅಂತ ಹೇಳಲು ಆಗುವುದಿಲ್ಲ. ನಾವು ಆಗ ‘ಮುನ್ನಡೆ’ ಅಂತ ಬರೆಯುವುದಿಲ್ಲ, ‘ಸಮಬಲ’ ಅಂತ ಬರೆಯುತ್ತೇವೆ. ಇನ್ನೂ ಎಡವಟ್ಟಾಗುವುದು ಆ ಸಾವಿರವನ್ನು ತುಂಡು ಮಾಡಿದಾಗ. ಆ ಸಾವಿರದಲ್ಲಿ ಕಲ್ಯಾಣ ಕರ್ನಾಟಕದವರು 150 ಜನ ಇದ್ದಾರೆ ಅಂದುಕೊಳ್ಳಿ. ಅವರ ಮಟ್ಟಿಗೆ ಆಚೀಚೆ ಆಗುವುದು ಎಂಟು ಅಂಶ. ಅಂದರೆ ಶೇ 40 ಅಂತ ಬಂದದ್ದು 32ರಿಂದ 48ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಆದರೆ ಟಿವಿಯಲ್ಲಿ ‘ಕಲ್ಯಾಣ ಕರ್ನಾಟಕದಲ್ಲಿ ಯುವಕರ ಒಲವು ಯಾರ ಕಡೆ’ ಅಂತ ಬಣ್ಣದ ಪಟ್ಟಿ ಬರುತ್ತದೆ. 150 ಜನರಲ್ಲಿ ಯುವಕರು ಎಷ್ಟಿದ್ದಾರು? ನಲವತ್ತು? ಆ ಪಟ್ಟಿಯನ್ನು ನೋಡದೆ ಮುಂದೆ ಹೋಗಿ.

ಈ ಮೂರು ಅಂಶದ ಲೆಕ್ಕವೂ ಸ್ಯಾಂಪಲ್ ಆರಿಸಿದ್ದರಲ್ಲಿ ಏರುಪೇರು ಇಲ್ಲ ಅಂದುಕೊಂಡಾಗ ಮಾತ್ರ. ನಮ್ಮಲ್ಲಿ ದೊಡ್ಡ ತಪ್ಪುಗಳು ಬರುವುದು ಬೇರೆ ಕಡೆಯಿಂದ. ಮನೆಬಾಗಿಲಿಗೆ ಹೋದ ಸಮೀಕ್ಷೆಯ ಹುಡುಗ ಯಾವ ಊರಿನವನು, ಯಾವ ಜಾತಿಯವನ ಹಾಗೆ ಕಾಣುತ್ತಾನೆ, ಪಕ್ಕದಲ್ಲಿ ಯಾರು ನಿಂತಿದ್ದಾರೆ ಅನ್ನುವುದರ ಮೇಲೆ ಜನ ಉತ್ತರ ಬದಲಿಸುತ್ತಾರೆ. ಊರಲ್ಲಿ ಗೆಲ್ಲುವ ಪಕ್ಷದ ಹೆಸರು ಹೇಳಿ ಸುಮ್ನೆ ಕಳಿಸಿಬಿಡುತ್ತಾರೆ. ಹೆಂಗಸರನ್ನು ಕೇಳಿದರೆ ಒಳಗಿನಿಂದ ಗಂಡಸರು ಬಂದು ಉತ್ತರ ಹೇಳುತ್ತಾರೆ. ಇದಕ್ಕೆ ದೆಹಲಿಯ ಸಂಶೋಧನಾ ಸಂಸ್ಥೆ ಲೋಕನೀತಿ-ಸಿಎಸ್‌ಡಿಎಸ್‌ನವರು ಒಂದು ದಾರಿ ಇಟ್ಟುಕೊಂಡಿದ್ದಾರೆ. ಚಿಹ್ನೆಗಳಿರುವ ನಕಲಿ ಮತಪತ್ರ ಕೊಡುತ್ತಾರೆ. ಗುರುತು ಹಾಕಿ, ಮಡಚಿ, ಪೆಟ್ಟಿಗೆಯೊಳಗೆ ಹಾಕಬೇಕು. ಬಾಯಿಬಿಟ್ಟು ಹೇಳುವ ಹಂಗಿಲ್ಲ. ಮಾತಾಡಿಸುವುದೂ ಮತಗಟ್ಟೆಯ ಹೊರಗಲ್ಲ, ಮನೆಯಲ್ಲಿ. ಸಮಯ ಜಾಸ್ತಿ ಬೇಕು, ದುಡ್ಡೂ ಜಾಸ್ತಿ ಬೇಕು. ಹಾಗಾಗಿ ಎಲ್ಲರೂ ಮಾಡುವುದಿಲ್ಲ.

ಸಮೀಕ್ಷೆಯವರು ಬಂದ ಉತ್ತರಗಳನ್ನು ಹಾಗೇ ಕೂಡುವುದೂ ಇಲ್ಲ. ಸಾವಿರ ಜನರಲ್ಲಿ 350 ಮಂದಿ ಮಾತ್ರ ಮಹಿಳೆಯರು ಸಿಕ್ಕರೆ, ಒಬ್ಬ ಮಹಿಳೆಯ ಉತ್ತರವನ್ನು ಸುಮಾರು 1.4 ಅಂತ, ಒಬ್ಬ ಗಂಡಸಿನ ಉತ್ತರವನ್ನು ಸುಮಾರು 0.8 ಅಂತ ತೂಕ ಹಾಕಿ ಸರಿಮಾಡುತ್ತಾರೆ. ಇದು ತಿದ್ದುವುದಲ್ಲ, ಒಪ್ಪಿತ ಕ್ರಮ. ವಯಸ್ಸು, ಹಳ್ಳಿ-ಪೇಟೆ, ಜಾತಿಗೂ ಹೀಗೇ ಮಾಡುತ್ತಾರೆ. ತೊಂದರೆ ಏನೆಂದರೆ, ತೂಕ ಹಾಕಲು ನಿಜವಾದ ಜನಸಂಖ್ಯೆಯ ಹಂಚಿಕೆ ಗೊತ್ತಿರಬೇಕು. ನಮ್ಮಲ್ಲಿ ಕೊನೆಯ ಜನಗಣತಿಯ ಅಂಕಿ 2011ರದ್ದು. ಪರಿಶಿಷ್ಟರನ್ನು ಬಿಟ್ಟರೆ ಉಳಿದ ಜಾತಿಗಳ ಲೆಕ್ಕವಂತೂ ಒಪ್ಪಿತವಾದದ್ದು ಕೈಯಲ್ಲಿ ಇಲ್ಲ. ಹಾಗಾಗಿ ಇಬ್ಬರು ಪ್ರಾಮಾಣಿಕ ಸಮೀಕ್ಷಕರು ಒಂದೇ ಉತ್ತರಗಳ ಗುಡ್ಡೆಯಿಂದ ಎರಡು ಬೇರೆ ಫಲಿತಾಂಶ ತೆಗೆಯಬಹುದು.

ಈಗ ಅಸಲಿ ವಿಷಯಕ್ಕೆ ಬರೋಣ. ಎಕ್ಸಿಟ್ ಪೋಲ್ ಯಾಕೆ ಕೈಕೊಡುತ್ತದೆ? ಮತ ಅಳೆಯುವುದು ಒಂದು ಕೆಲಸ, ಮತವನ್ನು ಸೀಟಿಗೆ ಬದಲಾಯಿಸುವುದು ಬೇರೆಯೇ ಕೆಲಸ. ಹೆಚ್ಚಿನ ಸಲ ಎಡವುವುದು ಎರಡನೆಯದರಲ್ಲಿ.

ನಮ್ಮ ರಾಜ್ಯದ ಲೆಕ್ಕವನ್ನೇ ನೋಡಿ. 2018ರ ವಿಧಾನಸಭೆ ಚುನಾವಣೆಯಲ್ಲಿ ಬಿಜೆಪಿಗೆ ಬಂದ ಮತ ಶೇ 36.35. ಗೆದ್ದ ಸೀಟು 104. 2023ರಲ್ಲಿ ಬಂದ ಮತ ಶೇ 36. ಗೆದ್ದ ಸೀಟು 66. ಮತ ಹೆಚ್ಚುಕಡಿಮೆ ಅಷ್ಟೇ, ಸೀಟು 38 ಕಡಿಮೆ. ಯಾಕೆಂದರೆ ಬದಲಾದದ್ದು ಅವರ ಮತ ಅಲ್ಲ, ಎದುರಿನವರ ಮತ. ಜೆಡಿಎಸ್ ಶೇ 18ರಿಂದ ಶೇ 13ಕ್ಕೆ ಇಳಿಯಿತು, ಕಾಂಗ್ರೆಸ್ ಶೇ 38ರಿಂದ ಹತ್ತಿರ ಹತ್ತಿರ ಶೇ 43ಕ್ಕೆ ಏರಿ 135 ಸೀಟು ಗೆದ್ದಿತು. ಇನ್ನೊಂದು ವಿಚಿತ್ರವೂ ಇದರಲ್ಲಿದೆ. 2018ರಲ್ಲಿ ಕಾಂಗ್ರೆಸ್‌ಗೆ ಬಿಜೆಪಿಗಿಂತ ಜಾಸ್ತಿ ಮತ ಬಂದಿತ್ತು, ಆದರೂ ಸೀಟು ಕಡಿಮೆ. ಒಂದು ಪಕ್ಷದ ಮತ ಶೇ 36 ಅಂತ ಕೂದಲೆಳೆಯಷ್ಟೂ ತಪ್ಪದೆ ಹೇಳಿದ ಸಮೀಕ್ಷಕ ಕೂಡ, ಉಳಿದ ಮತ ಎದುರಾಳಿಗಳ ನಡುವೆ ಹೇಗೆ ಹಂಚಿದೆ ಅಂತ ಗೊತ್ತಿಲ್ಲದಿದ್ದರೆ, ಸೀಟಿನ ಲೆಕ್ಕದಲ್ಲಿ ಪೂರ್ತಿ ದಾರಿ ತಪ್ಪುತ್ತಾನೆ.

ದೇಶದ ಮಟ್ಟದಲ್ಲೂ ಇದೇ ಕಥೆ. 2019ರಲ್ಲಿ ಬಿಜೆಪಿಗೆ ಶೇ 37ಕ್ಕಿಂತ ಸ್ವಲ್ಪ ಹೆಚ್ಚು ಮತ, 303 ಸೀಟು. 2024ರಲ್ಲಿ ಶೇ 36.6ರಷ್ಟು ಮತ, 240 ಸೀಟು. ಮತ ಒಂದು ಅಂಶವೂ ಇಳಿದಿಲ್ಲ, ಸೀಟು 63 ಹೋಯಿತು. ಮತ ಎಲ್ಲಿ ಇಳಿಯಿತು, ಎಲ್ಲಿ ಏರಿತು ಅನ್ನುವುದೇ ಇಲ್ಲಿ ಎಲ್ಲ. ಉತ್ತರ ಪ್ರದೇಶ ಒಂದರಲ್ಲೇ ಅವರ ಸೀಟು 62ರಿಂದ 33ಕ್ಕೆ ಬಂತು. 2024ರ ಜೂನ್ 1ರ ಸಂಜೆ ಬಂದ ಎಕ್ಸಿಟ್ ಪೋಲ್‌ಗಳಲ್ಲಿ ಹೆಚ್ಚಿನವು ಎನ್‌ಡಿಎಗೆ 350ಕ್ಕಿಂತ ಜಾಸ್ತಿ ಕೊಟ್ಟಿದ್ದವು, ಕೆಲವು 400ರ ತನಕ ಹೋಗಿದ್ದವು. ಬಂದದ್ದು 293. ಆ ಸಂಖ್ಯೆ ನಂಬಿ ಜೂನ್ 3ರಂದು ಜಿಗಿದಿದ್ದ ಷೇರುಪೇಟೆಯಲ್ಲಿ, ಎಣಿಕೆಯ ದಿನ ಸೆನ್ಸೆಕ್ಸ್ ಸುಮಾರು 4,390 ಅಂಶ ಕುಸಿಯಿತು. ತಪ್ಪು ಸಮೀಕ್ಷೆಯಿಂದ ಮಾತಿನ ಜಗಳ ಮಾತ್ರ ಆಗುತ್ತದೆ ಅಂದುಕೊಳ್ಳಬೇಡಿ. ಜನರ ದುಡ್ಡೂ ಹೋಗುತ್ತದೆ. ಅದಕ್ಕೇ ನನಗೆ ಈ ವಿಷಯದಲ್ಲಿ ಇಷ್ಟು ಕಾಳಜಿ.

ಅವತ್ತು ಅಷ್ಟೊಂದು ಸಂಸ್ಥೆಗಳು ಒಂದೇ ದಿಕ್ಕಿಗೆ ತಪ್ಪಿದ್ದು ಯಾಕೆ? ನನ್ನ ಅನುಭವದಲ್ಲಿ ಒಂದು ಕಾರಣ ಹೆದರಿಕೆ. ಎಲ್ಲರೂ 350 ಅನ್ನುವಾಗ ತನಗೆ 280 ಬಂದರೆ ಸಮೀಕ್ಷಕನಿಗೆ ತನ್ನ ಲೆಕ್ಕದ ಮೇಲೇ ಅನುಮಾನ ಬರುತ್ತದೆ. ಮತ್ತೆ ತೂಕ ಹಾಕುತ್ತಾನೆ, ಗುಂಪಿನ ಹತ್ತಿರ ಸರಿಯುತ್ತಾನೆ. ಎಲ್ಲರ ಜತೆ ತಪ್ಪಿದರೆ ಯಾರೂ ಬೈಯಲ್ಲ, ಒಬ್ಬನೇ ತಪ್ಪಿದರೆ ಅಂಗಡಿ ಮುಚ್ಚಬೇಕು. 2004ರಲ್ಲೂ ಎನ್‌ಡಿಎ ಮತ್ತೆ ಬರುತ್ತದೆ ಅನ್ನುವ ಗಾಳಿ ಹೀಗೇ ಎಲ್ಲರನ್ನೂ ಎಳೆದುಕೊಂಡು ಹೋಗಿತ್ತು.

ದುಡ್ಡು ಕೊಟ್ಟರೆ ಬೇಕಾದ ಅಂಕಿ ಸಿಗುತ್ತದಾ ಅಂತ ಕೇಳಿದ್ದೀರಿ. ಪೂರ್ತಿ ಕಟ್ಟುಕಥೆ ಅಂತ ನಾನು ಹೇಳಲಾರೆ. 2014ರಲ್ಲಿ ಒಂದು ಸುದ್ದಿವಾಹಿನಿ ನಡೆಸಿದ ಗುಪ್ತ ಕಾರ್ಯಾಚರಣೆಯಲ್ಲಿ ಕೆಲವು ಸಮೀಕ್ಷಾ ಸಂಸ್ಥೆಗಳವರು ಅಂಕಿ ತಿರುಚಲು ಸಿದ್ಧ ಅನ್ನುವಂತೆ ಮಾತಾಡಿದ್ದು ದೊಡ್ಡ ಸುದ್ದಿಯಾಗಿತ್ತು. ಪಕ್ಷಗಳು ತಮ್ಮ ದುಡ್ಡಲ್ಲಿ ಮಾಡಿಸಿಕೊಂಡ ಸಮೀಕ್ಷೆಯಲ್ಲಿ ತಮಗೆ ಅನುಕೂಲವಾದ ತುಂಡನ್ನು ಮಾತ್ರ ಹೊರಗೆ ಬಿಡುವುದಂತೂ ಮಾಮೂಲು. ‘ನಮ್ಮ ಆಂತರಿಕ ಸಮೀಕ್ಷೆಯಲ್ಲಿ ನಾವು 150’ ಅಂತ ನಾಯಕರು ಹೇಳಿದರೆ ನಾವು ಕೇಳುವುದು ಒಂದೇ, ಪೂರ್ತಿ ವರದಿ ಕೊಡಿ. ಕೊಡದಿದ್ದರೆ ಅದು ಅವರ ಹೇಳಿಕೆ, ಸಮೀಕ್ಷೆ ಅಲ್ಲ. ಆದರೆ ಎಲ್ಲ ತಪ್ಪೂ ಕೊಂಡದ್ದು ಅನ್ನುವುದೂ ಸರಿಯಲ್ಲ. ದುಡ್ಡು, ಸಮಯ ಎರಡೂ ಕಡಿಮೆ ಇರುವಾಗ, ಕ್ಷೇತ್ರಕ್ಕೆ ಹೋಗದೆಯೇ ನಮೂನೆ ತುಂಬಿಸುವ ಹುಡುಗರಿಂದ ಆಗುವ ಹಾನಿ ಕಡಿಮೆಯಲ್ಲ. ಒಳ್ಳೆಯ ಸಂಸ್ಥೆಗಳು ಸಂದರ್ಶನದ ಧ್ವನಿ, ಜಿಪಿಎಸ್ ಗುರುತು ಇಟ್ಟುಕೊಂಡು, ಕೆಲವರಿಗೆ ಮತ್ತೆ ಫೋನ್ ಮಾಡಿ ಖಚಿತ ಮಾಡಿಕೊಳ್ಳುತ್ತವೆ. ನಾವು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು.

ಪ್ರಶ್ನೆ ಕೇಳಿದ ರೀತಿಯನ್ನೂ ನೋಡುತ್ತೇವೆ. ‘ಬಡ ಮಹಿಳೆಯರಿಗೆ ನೆರವಾಗುವ ಗ್ಯಾರಂಟಿ ಯೋಜನೆಗಳು ಮುಂದುವರಿಯಬೇಕಾ?’ ಅಂತ ಕೇಳಿ ನೋಡಿ. ಅದೇ ಜನರನ್ನು ‘ರಸ್ತೆಗೆ ದುಡ್ಡಿಲ್ಲದಿದ್ದರೂ ಗ್ಯಾರಂಟಿಗಳು ಮುಂದುವರಿಯಬೇಕಾ?’ ಅಂತ ಕೇಳಿ. ಎರಡು ಸಮೀಕ್ಷೆಯ ತಲೆಬರಹ ಒಂದೇ ಇರಬಹುದು, ಉತ್ತರ ಒಂದೇ ಇರುವುದಿಲ್ಲ. ಪ್ರಶ್ನೆಯ ಪೂರ್ತಿ ಪಠ್ಯ ಕೊಡದ ಸಮೀಕ್ಷೆಯನ್ನು ನಾವು ಪಕ್ಕಕ್ಕೆ ಇಡುತ್ತೇವೆ.

ಹಾಗಾದರೆ ಪತ್ರಕರ್ತರೆಲ್ಲ ಪರೀಕ್ಷೆ ಮಾಡುತ್ತಾರಾ? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಎಲ್ಲರೂ ಮಾಡುವುದಿಲ್ಲ. ಚುನಾವಣೆಗೆ ಮುಂಚಿನ ಸಮೀಕ್ಷೆ ಹಾಕುವಾಗ ಯಾರು ಮಾಡಿದರು, ಯಾರು ಮಾಡಿಸಿದರು, ಸ್ಯಾಂಪಲ್ ಎಷ್ಟು, ಹೇಗೆ ಆರಿಸಿದರು, ಎಷ್ಟು ಆಚೀಚೆ ಆಗಬಹುದು ಅನ್ನುವುದನ್ನು ಎದ್ದು ಕಾಣುವಂತೆ ಬರೆಯಬೇಕು ಅಂತ ಭಾರತೀಯ ಪತ್ರಿಕಾ ಮಂಡಳಿಯ ಮಾರ್ಗಸೂಚಿ ಇದೆ. ಪತ್ರಿಕೆಗಳಿಗೆ ಮಾತ್ರ ಅದು ಅನ್ವಯ, ಟಿವಿಗೆ ಅಲ್ಲ. ಮೊದಲ ಹಂತದ ಮತದಾನ ಶುರುವಾದಾಗಿನಿಂದ ಕೊನೆಯ ಹಂತ ಮುಗಿದ ಅರ್ಧ ಗಂಟೆಯವರೆಗೆ ಎಕ್ಸಿಟ್ ಪೋಲ್ ಪ್ರಕಟಿಸಬಾರದು ಅಂತ ಜನಪ್ರಾತಿನಿಧ್ಯ ಕಾಯ್ದೆಯ 126ಎ ಕಲಂ ಹೇಳುತ್ತದೆ. ತಪ್ಪಿದರೆ ಎರಡು ವರ್ಷದವರೆಗೆ ಜೈಲೂ ಆಗಬಹುದು. ಯಾವಾಗ ಹಾಕಬೇಕು ಅನ್ನುವುದಕ್ಕೆ ಹೀಗೆ ಕಾನೂನು ಇದೆ. ಹೇಗೆ ಮಾಡಬೇಕು ಅನ್ನುವುದು ಸಂಸ್ಥೆಗಳ ಮನಸ್ಸಾಕ್ಷಿಗೆ ಬಿಟ್ಟದ್ದು. ನನ್ನ ಕೇಳಿಕೆ ಏನೆಂದರೆ, ಮತ ಪ್ರಮಾಣವನ್ನು ಹೇಳದೆ ಬರೀ ಸೀಟು ಹೇಳುವ ಸಮೀಕ್ಷೆಯನ್ನು ಯಾವ ಪತ್ರಿಕೆಯೂ ಮುಟ್ಟಬಾರದು. ಮತ ಪ್ರಮಾಣ ಇಲ್ಲದಿದ್ದರೆ ಎಣಿಕೆಯ ನಂತರ ಅವರು ಎಲ್ಲಿ ತಪ್ಪಿದರು ಅಂತ ಪತ್ತೆ ಹಚ್ಚಲೂ ಆಗುವುದಿಲ್ಲ.

ನಿಮ್ಮ ಮುಂದೆ ಈಗ ಕೆಲವು ದಾರಿಗಳಿವೆ. ಒಂದಕ್ಕೂ ಅಪಾಯ ಇಲ್ಲ ಅಂತಿಲ್ಲ. ಎಲ್ಲ ಅಂಕಿಗಳನ್ನೂ ಸುಳ್ಳು ಅಂತ ಬಿಟ್ಟುಬಿಡುವುದು ಸುಲಭ, ಎಷ್ಟೋ ಜನ ಅದನ್ನೇ ಮಾಡುತ್ತಿದ್ದಾರೆ. ಆದರೆ ಆಗ ಗಟ್ಟಿ ಗಂಟಲಿನವನ ಮಾತೇ ನಿಜ ಆಗುತ್ತದೆ. ಬೆಲೆ ಏರಿತಾ, ಕೆಲಸ ಸಿಗುತ್ತಿದೆಯಾ ಅಂತ ಸರ್ಕಾರವನ್ನು ಕೇಳಲು ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಈ ದಾರಿಯನ್ನು ನಾನು ಖಂಡಿತ ಒಪ್ಪುವುದಿಲ್ಲ.

ಹಲವು ಸಮೀಕ್ಷೆಗಳ ಸರಾಸರಿ ತೆಗೆಯುವುದು ಅದಕ್ಕಿಂತ ಎಷ್ಟೋ ಮೇಲು. ಆದರೆ ಎಲ್ಲರೂ ಒಂದೇ ದಿಕ್ಕಿಗೆ ತಪ್ಪಿದ್ದರೆ ಸರಾಸರಿಯೂ ಅದೇ ದಿಕ್ಕಿಗೆ ತಪ್ಪುತ್ತದೆ. 2024ರಲ್ಲಿ ಆದದ್ದು ಅದೇ.

ಒಂದೇ ಸಮೀಕ್ಷೆಯನ್ನು ವರ್ಷಗಟ್ಟಲೆ ಹಿಂಬಾಲಿಸುವುದು ನನಗೆ ಹೆಚ್ಚು ಇಷ್ಟದ ದಾರಿ. ವ್ಯಾಖ್ಯೆಯಲ್ಲಿ ಕೊರತೆ ಇದ್ದರೂ ಪ್ರತಿ ವರ್ಷ ಅದೇ ಕೊರತೆ ಇರುವುದರಿಂದ ಏರಿತಾ ಇಳಿಯಿತಾ ಅನ್ನುವುದು ತಿಳಿಯುತ್ತದೆ. ಅಪಾಯ ಇರುವುದು ನಡುವೆ ಅಳತೆ ಬದಲಾದಾಗ. ಪಿಎಲ್‌ಎಫ್‌ಎಸ್ 2025ರ ಜನವರಿಯಿಂದ ಸ್ಯಾಂಪಲ್ ತೆಗೆಯುವ ವಿಧಾನ ಬದಲಿಸಿ ತಿಂಗಳಿಗೊಮ್ಮೆ ಅಂಕಿ ಕೊಡಲು ಶುರುಮಾಡಿದೆ. 2025ರ ಏಪ್ರಿಲ್‌ನ ಮೊದಲ ಮಾಸಿಕ ಅಂಕಿ ಶೇ 5.1. ಅದು ವಾರದ ಲೆಕ್ಕದ್ದು. ಅದನ್ನು 2023-24ರ ಶೇ 3.2ರ ಪಕ್ಕ ಇಟ್ಟು ‘ನಿರುದ್ಯೋಗ ಜಿಗಿಯಿತು’ ಅಂತ ಬರೆದರೆ ದೊಡ್ಡ ತಪ್ಪಾಗುತ್ತದೆ. ನಿಮ್ಮ ಮನೆಯ ಗುಂಪಿಗೆ ಈ ಚಿತ್ರವೂ ಒಂದು ದಿನ ಬಂದೇ ಬರುತ್ತದೆ.

ಅಪರಾಧದ ಅಂಕಿಯಲ್ಲಿ ಇನ್ನೂ ಜಾಗ್ರತೆ ಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಹಾಕುವುದು ಠಾಣೆಯಲ್ಲಿ ದಾಖಲಾದ ಪ್ರಕರಣಗಳನ್ನು. ದೂರು ಬರೆದುಕೊಳ್ಳುವ ಪೊಲೀಸರಿರುವ ರಾಜ್ಯದಲ್ಲಿ ಅಂಕಿ ಜಾಸ್ತಿ ಕಾಣುತ್ತದೆ, ದೂರು ಕೊಟ್ಟವರನ್ನು ವಾಪಸ್ ಕಳಿಸುವ ಕಡೆ ಕಡಿಮೆ ಕಾಣುತ್ತದೆ. ಒಂದೇ ಪ್ರಕರಣದಲ್ಲಿ ಹಲವು ಅಪರಾಧಗಳಿದ್ದರೆ ಅವುಗಳಲ್ಲಿ ಅತಿ ದೊಡ್ಡದರ ಲೆಕ್ಕಕ್ಕೆ ಮಾತ್ರ ಅದು ಸೇರುತ್ತದೆ. ಹಾಗಾಗಿ ‘ಆ ರಾಜ್ಯದಲ್ಲಿ ಅಪರಾಧ ಜಾಸ್ತಿ’ ಅನ್ನುವ ಚಿತ್ರವನ್ನು ನಾನಾದರೆ ಯಾರಿಗೂ ಕಳಿಸುವುದಿಲ್ಲ.

ನಾಲ್ಕನೆಯ ದಾರಿ ಮೂಲಕ್ಕೆ ಹೋಗುವುದು. ಸಚಿವಾಲಯದ ಪ್ರಕಟಣೆಗಳು, ಚುನಾವಣಾ ಆಯೋಗದ ಫಲಿತಾಂಶದ ಪುಟಗಳು ಎಲ್ಲರಿಗೂ ತೆರೆದಿವೆ. ಸಮಯ ಹಿಡಿಯುತ್ತದೆ, ಇಂಗ್ಲಿಷ್ ಜಾಸ್ತಿ ಇರುತ್ತದೆ, ಕೋಷ್ಟಕದ ಕೆಳಗಿನ ಸಣ್ಣ ಅಕ್ಷರದ ಟಿಪ್ಪಣಿ ಓದದೆ ತಪ್ಪು ಅರ್ಥ ಮಾಡಿಕೊಳ್ಳುವ ಅಪಾಯವೂ ಇದೆ. ಪಿಯು ಮಕ್ಕಳು ಒಂದು ತರಗತಿಯಲ್ಲಿ ಒಂದೇ ಕೋಷ್ಟಕ ತೆಗೆದುಕೊಂಡು ಟಿಪ್ಪಣಿಯಿಂದ ಶುರುಮಾಡಿ ಓದಿದರೆ ಸಾಕು. ಮೇಲಿನ ಕರ್ನಾಟಕದ ಎರಡು ಚುನಾವಣೆಗಳ ಲೆಕ್ಕ ಅದಕ್ಕೆ ಒಳ್ಳೆಯ ಪಾಠ.

ಭಾವನಿಗೂ ತಮ್ಮನಿಗೂ ಏನು ಹೇಳಬೇಕು? ‘ನೀವು ಸುಳ್ಳು’ ಅಂದರೆ ಜಗಳ ಬೆಳೆಯುತ್ತದೆ. ‘ಭಾವ, ಇದು ಯಾವ ವಯಸ್ಸಿನವರದ್ದು?’ ಅಂತ ಕೇಳಿ. ತಮ್ಮನನ್ನೂ ಅದನ್ನೇ ಕೇಳಿ. ಇಬ್ಬರೂ ವರದಿ ತೆಗೆದು ನೋಡಬೇಕಾಗುತ್ತದೆ, ಇಬ್ಬರಿಗೂ ಮರ್ಯಾದೆ ಉಳಿಯುತ್ತದೆ.

ಒಂದು ಎಚ್ಚರಿಕೆ ಮುಂದಿನ ಒಂದೆರಡು ವರ್ಷಕ್ಕೆ. 2011ರ ನಂತರದ ಜನಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಇಟ್ಟುಕೊಳ್ಳಲಾಗಿದೆ, ಅದರಲ್ಲಿ ಜಾತಿಯ ಎಣಿಕೆಯೂ ಇರುತ್ತದೆ. ಆ ಅಂಕಿಗಳು ಕೈಗೆ ಬರುವವರೆಗೆ ತಲಾ ಆದಾಯ, ಲಕ್ಷ ಜನಕ್ಕೆ ಇಷ್ಟು ವೈದ್ಯರು, ಇಷ್ಟು ಅಪರಾಧ ಅನ್ನುವ ಎಲ್ಲವನ್ನೂ ಅಂದಾಜಿನ ಜನಸಂಖ್ಯೆಯಿಂದಲೇ ಭಾಗಿಸುತ್ತಾರೆ. ಹೊಸ ಜನಸಂಖ್ಯೆ ಬಂದ ಕೂಡಲೇ ಈ ಅಂಕಿಗಳಲ್ಲಿ ಕೆಲವು ಒಂದೇ ದಿನದಲ್ಲಿ ಮೇಲೆ ಕೆಳಗೆ ಆಗುತ್ತವೆ. ಆಗ ಒಂದು ಪಕ್ಷ ಸಾಧನೆ ಅನ್ನುತ್ತದೆ, ಇನ್ನೊಂದು ವೈಫಲ್ಯ ಅನ್ನುತ್ತದೆ. ಯಾವ ವರ್ಷದ ಜನಸಂಖ್ಯೆಯಿಂದ ಭಾಗಿಸಿದ್ದಾರೆ ಅಂತ ಆಗ ನೋಡಲು ಈಗಲೇ ಒಂದೆರಡು ಹಳೆಯ ಅಂಕಿಗಳನ್ನು, ಅವುಗಳ ವರ್ಷದ ಸಮೇತ, ವಿದ್ಯಾರ್ಥಿಗಳ ಕೈಯಲ್ಲಿ ಬರೆಸಿಡಿ.